ಗಣಕಜಾಲಗಳಲ್ಲಿ ವರ್ತಮಾನ ಸಂಚಾರದ ಚರಿತ್ರೆ

ದೊಡ್ಡ ಕಾರ್ಯವೊಂದು ಕ್ರಮವಾಗಿ ನಡೆಯುತ್ತಿರುವುದನ್ನು ಕಂಡಾಗ, ಅದನ್ನು ಎಲ್ಲಿಯೋ ಕುಳಿತು ನಡೆಯಿಸುವ ಯಜಮಾನನೊಬ್ಬನಿರಬೇಕೆಂದು ಊಹಿಸುವುದು ಮನುಷ್ಯಸ್ವಭಾವವಾಗಿದೆ. ಅಂತರ್ಜಾಲವೆಂದು ಕರೆಯಲ್ಪಡುವ ಈ ಕಾಲದ ಮಹಾವ್ಯವಸ್ಥೆಯ ವಿಷಯದಲ್ಲಿಯೂ ಅನೇಕರ ಭಾವನೆ ಹೀಗೆಯೇ ಇರುವುದು. ಪರದೇಶದಲ್ಲಿರುವ ಮಗನು ಬರೆದ ನಾಲ್ಕು ಸಾಲು ಊರಿನಲ್ಲಿರುವ ತಾಯಿಯ ಫೋನಿಗೆ ಎವೆಯಿಕ್ಕುವಷ್ಟರಲ್ಲಿ ಬಂದು ಮುಟ್ಟುವುದು. ಬ್ಯಾಂಕಿನ ಹಣ, ವೈದ್ಯರ ಸಲಹೆ, ಪರೀಕ್ಷೆಯ ಫಲಿತಾಂಶ, ನ್ಯಾಯಸ್ಥಾನದ ತೀರ್ಪು ಇವೆಲ್ಲವೂ ಅದೇ ಮಾರ್ಗವಾಗಿ ಬರುತ್ತಲಿವೆ. ಇಷ್ಟನ್ನೆಲ್ಲ ವಿಂಗಡಿಸಿ ಕಳುಹಿಸುವ ಪ್ರಧಾನ ಕಚೇರಿಯೊಂದು ಎಲ್ಲಿಯಾದರೂ ಇರಬೇಕೆಂದು ತೋರುವುದು ಸಹಜವೇ. ಆದರೆ ಅಂತಹ ಕಚೇರಿ ಎಲ್ಲಿಯೂ ಇಲ್ಲ. ಇರುವುವು ರೂಟರುಗಳೆಂಬ ಅಸಂಖ್ಯವಾದ ಸಣ್ಣ ದೊಡ್ಡ ಯಂತ್ರಗಳು. ಭೂಮಂಡಲದ ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗಿನ ದಾರಿಯು ಅವುಗಳಲ್ಲಿ ಯಾವುದಕ್ಕೂ ಪೂರ್ತಿಯಾಗಿ ತಿಳಿಯದು. ತನ್ನಲ್ಲಿಗೆ ಬಂದ ವರ್ತಮಾನವನ್ನು ಮುಂದೆ ಯಾವ ನೆರೆಯವನ ಕೈಗೆ ಒಪ್ಪಿಸಬೇಕೆಂಬುದಿಷ್ಟೇ ತಿಳಿದಿರುವುದು.

ಇಷ್ಟು ಅಲ್ಪಜ್ಞರಾದ ಮಧ್ಯಸ್ಥರನ್ನು ನಂಬಿ ಇಷ್ಟು ದೊಡ್ಡ ವ್ಯವಹಾರವನ್ನು ಕಟ್ಟಬಹುದೆಂದು ಯಾರಿಗೆ ಹೊಳೆಯಿತು, ಏತಕ್ಕೆ ಹಾಗೆ ಕಟ್ಟಿದರು, ಹಾಗೆ ಕಟ್ಟಿದುದರಿಂದ ಬಂದ ಲಾಭವೇನು, ಹಾನಿಯೇನು ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ. ಇದು ಕೇವಲ ಯಂತ್ರಜ್ಞರಿಗೆ ಸಂಬಂಧಪಟ್ಟ ವಿಷಯವೆಂದು ತಳ್ಳಿಬಿಡುವಂತಿಲ್ಲ. ಒಬ್ಬರ ಮಾತನ್ನೊಬ್ಬರು ನಂಬಿ ನಡೆಯುವ ಒಂದು ಲೋಕವ್ಯವಸ್ಥೆಯ ಚರಿತ್ರೆ ಇದು.

ಮೊದಲು, ಹಿಂದಿನ ಸ್ಥಿತಿಯನ್ನು ನೋಡೋಣ. ದೂರವಾಣಿಯಲ್ಲಿ ಇಬ್ಬರು ಮಾತನಾಡಬೇಕಾದರೆ, ಅವರಿಬ್ಬರ ನಡುವಣ ತಂತಿಯ ಮಾರ್ಗವು ಮಾತು ಮುಗಿಯುವವರೆಗೂ ಅವರಿಗೇ ಮೀಸಲಾಗುತ್ತಿದ್ದಿತು. ಮಾತಿನ ನಡುವೆ ಅವರು ಸುಮ್ಮನಿದ್ದರೂ ಆ ಮಾರ್ಗದಲ್ಲಿ ಮತ್ತೊಬ್ಬರಿಗೆ ಪ್ರವೇಶವಿಲ್ಲ. ಮನುಷ್ಯರ ಸಂಭಾಷಣೆಗೆ ಇದು ಒಪ್ಪುವ ಕ್ರಮವೇ. ಆದರೆ ಗಣಕಯಂತ್ರಗಳ ಸಂಭಾಷಣೆಯ ರೀತಿ ಬೇರೆ. ಅವು ಒಂದು ಕ್ಷಣದಲ್ಲಿ ರಾಶಿಯಾಗಿ ಅಕ್ಷರಗಳನ್ನು ಸುರಿಸಿ, ಬಳಿಕ ಬಹಳ ಹೊತ್ತು ಮೌನವಾಗಿರುವುವು. ಅವುಗಳಿಗಾಗಿ ಮಾರ್ಗವನ್ನು ಮೀಸಲಿಡುವುದೆಂದರೆ, ವಾರಕ್ಕೊಂದು ಗಾಡಿ ಹೋಗುವುದೆಂದು ಹೆದ್ದಾರಿಯನ್ನೆಲ್ಲ ಇತರರಿಗೆ ಮುಚ್ಚಿಟ್ಟಂತೆ. ಇದು ಒಂದು ತೊಡಕು. ಇನ್ನೊಂದು ತೊಡಕು ಕೇಂದ್ರಗಳದು. ದೂರವಾಣಿಯ ಮಾರ್ಗಗಳೆಲ್ಲ ಕೆಲವೇ ದೊಡ್ಡ ವಿನಿಮಯ ಕೇಂದ್ರಗಳಲ್ಲಿ ಕೂಡುತ್ತಿದ್ದುವು. ಆ ಕೇಂದ್ರವು ಹಾಳಾದರೆ ಒಂದು ಪ್ರಾಂತವೇ ಮೂಕವಾಗುತ್ತಿದ್ದಿತು.

ಈ ಎರಡನೆಯ ತೊಡಕನ್ನು ಕುರಿತು ಚಿಂತಿಸಿದವರಲ್ಲಿ ಮುಖ್ಯರಾದವರು ಪಾಲ್ ಬಾರನ್. ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತದ ಸಾಂಟಾ ಮೋನಿಕ ನಗರದಲ್ಲಿರುವ ರ್‍ಯಾಂಡ್ ಸಂಸ್ಥೆಯಲ್ಲಿ ಅವರು ಕೆಲಸ ಮಾಡುತ್ತಿದ್ದರು. ಅಮೆರಿಕಕ್ಕೂ ಸೋವಿಯತ್ ರಷ್ಯಕ್ಕೂ ಪರಸ್ಪರ ಭೀತಿ ಪರಮಾವಧಿಯಲ್ಲಿದ್ದ ಕಾಲವದು. ಅಣ್ವಸ್ತ್ರದ ಮೊದಲ ಪೆಟ್ಟು ಬಿದ್ದ ಮೇಲೂ ರಾಷ್ಟ್ರದ ನಾಯಕರ ಆಜ್ಞೆಗಳು ತಲಪಬೇಕಾದೆಡೆಗೆ ತಲಪುವ ಉಪಾಯವನ್ನು ಬಾರನ್ನರು ಹುಡುಕಿದರು. ೧೯೬೪ರಲ್ಲಿ ಪ್ರಕಟವಾದ ಅವರ ವರದಿಗಳ ಮಾಲೆಯ ಸಾರಾಂಶ ಇಷ್ಟು: ಕೇಂದ್ರವೆಂಬುದೇ ಇಲ್ಲದಂತೆ, ಮೀನಿನ ಬಲೆಯ ಕಣ್ಣುಗಳಂತೆ, ಪ್ರತಿಯೊಂದು ಗಂಟನ್ನೂ ಸುತ್ತಲಿನ ಹಲವು ಗಂಟುಗಳಿಗೆ ಕಟ್ಟಬೇಕು, ಕಳುಹಿಸಬೇಕಾದ ಸಮಾಚಾರವನ್ನು ಸಮನಾದ ಸಣ್ಣ ತುಂಡುಗಳಾಗಿ ಕತ್ತರಿಸಿ, ಪ್ರತಿಯೊಂದರ ಮೇಲೂ ವಿಳಾಸವನ್ನು ಬರೆಯಬೇಕು, ತುಂಡು ಬಂದ ಕೂಡಲೆ ಗಂಟಿನಲ್ಲಿರುವ ಯಂತ್ರವು ಅದನ್ನು ಆಗ ಯಾವ ದಾರಿ ಒಳ್ಳೆಯದಾಗಿರುವುದೋ ಆ ದಾರಿಯಲ್ಲಿ ದಾಟಿಸಿಬಿಡಬೇಕು. ಕೈಗೆ ಬಂದ ಬಿಸಿಗೆಣಸನ್ನು ಹಿಡಿದುಕೊಳ್ಳಲಾರದೆ ಪಕ್ಕದವನಿಗೆ ಎಸೆಯುವ ಆಟಕ್ಕೆ ಬಾರನ್ನರೇ ಇದನ್ನು ಹೋಲಿಸಿದ್ದರು. ಬಲೆಯ ಕೆಲವು ಕಣ್ಣುಗಳು ಹರಿದರೂ ಉಳಿದ ದಾರಿಗಳಲ್ಲಿ ತುಂಡುಗಳು ಸಾಗುವುವು. ಆ ದೇಶದ ದೂರವಾಣಿಯ ದೊಡ್ಡ ಸಂಸ್ಥೆಯಾಗಿದ್ದ ಎ.ಟಿ. ಅಂಡ್ ಟಿ. ಕಂಪೆನಿಯವರು ಇದು ನಡೆಯುವ ಮಾತಲ್ಲವೆಂದರು. ಬಾರನ್ನರ ಯೋಜನೆ ಕಾಗದದ ಮೇಲೆಯೇ ಉಳಿಯಿತು.

ಅದೇ ಕಾಲದಲ್ಲಿ, ಬಾರನ್ನರ ವಿಚಾರವೇ ತಿಳಿಯದೆ, ಇಂಗ್ಲೆಂಡಿನ ಟೆಡಿಂಗ್ಟನ್ನಿನಲ್ಲಿರುವ ರಾಷ್ಟ್ರೀಯ ಭೌತ ಪ್ರಯೋಗಾಲಯದ ಡೊನಾಲ್ಡ್ ಡೇವಿಸ್ ಎಂಬವರು ೧೯೬೫ರಲ್ಲಿ ಇದೇ ನಿರ್ಣಯಕ್ಕೆ ಬಂದರು. ಅವರನ್ನು ಪ್ರೇರಿಸಿದುದು ಯುದ್ಧಭೀತಿಯಲ್ಲ, ಮಿತವ್ಯಯ. ಗಣಕಯಂತ್ರದೆದುರು ಕುಳಿತವನಿಗೆ ಬೇಗ ಉತ್ತರ ಸಿಕ್ಕಬೇಕು, ತಂತಿಯೂ ವ್ಯರ್ಥವಾಗಬಾರದು ಎಂಬುದು ಅವರ ಚಿಂತೆ. ತುಂಡಿಗೆ ಪ್ಯಾಕೆಟ್ ಎಂಬ ಹೆಸರನ್ನು ಕೊಟ್ಟವರು ಡೇವಿಸರೇ. ನಾವು ಅದನ್ನು ಪೊಟ್ಟಣವೆಂದರೆ ಅರ್ಥವೂ ಕೆಡದು, ಕಿವಿಗೂ ಹಿತವಾದೀತು. ಒಬ್ಬರು ಯುದ್ಧದಿಂದಲೂ ಒಬ್ಬರು ಮಿತವ್ಯಯದಿಂದಲೂ ಹೊರಟು ಒಂದೇ ಊರನ್ನು ಸೇರಿದುದು, ಆ ನಿರ್ಣಯವು ಯಾರೊಬ್ಬರ ಮನಸ್ಸಿನ ಲಹರಿಯಾಗಿರದೆ ವಿಷಯದ ಸ್ವಭಾವದಲ್ಲಿಯೇ ಅಡಗಿದ್ದಿತೆಂಬುದಕ್ಕೆ ಸಾಕ್ಷಿಯಾಗಿದೆ.

ಈ ವಿಚಾರವನ್ನು ಕಾರ್ಯಕ್ಕೆ ತಂದ ಕೀರ್ತಿಯು ಅಮೆರಿಕದ ರಕ್ಷಣಾ ಇಲಾಖೆಗೆ ಸೇರಿದ ಆರ್ಪ ಎಂಬ ಸಂಸ್ಥೆಯದು. ೧೯೫೭ರ ಅಕ್ಟೋಬರಿನಲ್ಲಿ ರಷ್ಯದವರು ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿದುದರಿಂದ ಎಚ್ಚೆತ್ತ ಅಮೆರಿಕವು ೧೯೫೮ರಲ್ಲಿ ಈ ಸಂಸ್ಥೆಯನ್ನು ಸ್ಥಾಪಿಸಿತು. ಅದರ ಗಣಕವಿಭಾಗದ ಅಧಿಕಾರಿಯಾಗಿದ್ದ ರಾಬರ್ಟ್ ಟೇಲರರ ಕಚೇರಿಯಲ್ಲಿ ಮೂರು ಊರುಗಳ ಮೂರು ಗಣಕಯಂತ್ರಗಳಿಗೆ ಸೇರಿದ ಮೂರು ಬೇರೆ ಬೇರೆ ಉಪಕರಣಗಳಿದ್ದುವು. ಒಂದರಿಂದ ಇನ್ನೊಂದಕ್ಕೆ ಏನನ್ನಾದರೂ ತಿಳಿಸಬೇಕಾದರೆ ಕುರ್ಚಿಯಿಂದೆದ್ದು ಪಕ್ಕದ ಉಪಕರಣದ ಮುಂದೆ ಹೋಗಿ ಕುಳಿತುಕೊಳ್ಳಬೇಕಾಗುತ್ತಿತ್ತು. ಮೂರರ ಕೆಲಸವನ್ನು ಒಂದರಿಂದಲೇ ಮಾಡಬಾರದೇಕೆ ಎಂಬ ಪ್ರಶ್ನೆಯೇ ೧೯೬೬ರಲ್ಲಿ ಆರ್ಪಜಾಲದ ಯೋಜನೆಗೆ ಮೂಲವಾಯಿತು. ಅದನ್ನು ನಡೆಸುವ ಹೊಣೆಯು ಲಾರೆನ್ಸ್ ರಾಬರ್ಟ್ಸ್ ಎಂಬ ತರುಣ ಎಂಜಿನಿಯರರ ಪಾಲಿಗೆ ಬಂದಿತು.

ರಾಬರ್ಟ್ಸರು ೧೯೬೭ರ ಏಪ್ರಿಲ್ ತಿಂಗಳಿನಲ್ಲಿ ಆನ್ ಆರ್ಬರ್ ಎಂಬಲ್ಲಿ ವಿದ್ವಾಂಸರ ಸಭೆ ಸೇರಿಸಿ ತಮ್ಮ ಯೋಜನೆಯನ್ನು ವಿವರಿಸಿದಾಗ, ಸಭೆಯಲ್ಲಿ ಉತ್ಸಾಹಕ್ಕಿಂತ ಆಕ್ಷೇಪಣೆಯೇ ಹೆಚ್ಚಾಗಿದ್ದಿತು. ತಮ್ಮ ತಮ್ಮ ಬೆಲೆಬಾಳುವ ಗಣಕಯಂತ್ರಗಳು ಪರರ ಪೊಟ್ಟಣಗಳನ್ನು ಹೊತ್ತು ದಾಟಿಸುವ ಕೂಲಿಯಲ್ಲಿ ಕಾಲ ಕಳೆಯುವುದು ಯಾರಿಗೂ ಬೇಡವಾಗಿದ್ದಿತು. ಆಗ ವೆಸ್ಲಿ ಕ್ಲಾರ್ಕ್ ಎಂಬವರು ಒಂದು ಸೂಚನೆಯನ್ನಿತ್ತರು. ದೊಡ್ಡ ಯಂತ್ರಗಳನ್ನು ಅವುಗಳ ಪಾಡಿಗೆ ಬಿಟ್ಟು, ಪ್ರತಿಯೊಂದು ಊರಿನಲ್ಲಿಯೂ ಒಂದೊಂದು ಸಣ್ಣ ಯಂತ್ರವನ್ನಿಟ್ಟು, ಪೊಟ್ಟಣಗಳನ್ನು ಪಡೆದು ದಾಟಿಸುವ ಕೆಲಸವನ್ನೆಲ್ಲ ಅದಕ್ಕೇ ವಹಿಸಬೇಕೆಂಬುದೇ ಆ ಸೂಚನೆ. ಇಂದಿನ ರೂಟರಿನ ಜನ್ಮಕಥೆ ಇಲ್ಲಿಂದ ಆರಂಭವಾಗುವುದು. ಅದೇ ವರ್ಷದ ಅಕ್ಟೋಬರಿನಲ್ಲಿ ಗ್ಯಾಟ್ಲಿನ್‌ಬರ್ಗ್ ಎಂಬಲ್ಲಿ ನಡೆದ ಇನ್ನೊಂದು ಸಭೆಯಲ್ಲಿ ಡೇವಿಸರ ಸಹೋದ್ಯೋಗಿಯೊಬ್ಬರ ಬಾಯಿಂದ ರಾಬರ್ಟ್ಸರಿಗೆ ಟೆಡಿಂಗ್ಟನ್ನಿನ ಕೆಲಸವೂ ಬಾರನ್ನರ ವರದಿಗಳೂ ತಿಳಿದುಬಂದುವು. ಹೀಗೆ ಮೂರು ಹೊಳೆಗಳೂ ಒಂದು ಕಡೆ ಕೂಡಿದಂತಾಯಿತು.

ಆ ಸಣ್ಣ ಯಂತ್ರಗಳಿಗೆ ಇಂಪ್ ಎಂದು ಹೆಸರು. ಮೆಸಚೂಸೆಟ್ಸ್ ಪ್ರಾಂತದ ಬಿ.ಬಿ.ಎನ್. ಎಂಬ ಸಂಸ್ಥೆಯವರು, ಫ್ರಾಂಕ್ ಹಾರ್ಟ್ ಅವರ ಮುಖಂಡತ್ವದಲ್ಲಿ, ಹನಿವೆಲ್ ಕಂಪೆನಿಯ ೫೧೬ ಎಂಬ ಗಣಕಯಂತ್ರವನ್ನು ಅದಕ್ಕಾಗಿ ಅಳವಡಿಸಿದರು. ಸಣ್ಣದೆಂದರೂ ಅದರ ಗಾತ್ರವು ಒಂದು ಕಬ್ಬಿಣದ ಬೀರುವಿನಷ್ಟಿತ್ತು. ಮೊದಲನೆಯ ಇಂಪ್ ೧೯೬೯ರ ಆಗಸ್ಟ್ ತಿಂಗಳ ಕೊನೆಯಲ್ಲಿ ಲಾಸ್ ಏಂಜಲಿಸ್ ನಗರದ ವಿಶ್ವವಿದ್ಯಾನಿಲಯಕ್ಕೆ ಬಂದಿಳಿಯಿತು. ಎರಡನೆಯದು ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಗೆ ಹೋಯಿತು. ಅಕ್ಟೋಬರ್ ೨೯ರ ರಾತ್ರಿ ಲಾಸ್ ಏಂಜಲಿಸಿನಿಂದ ‘ಲಾಗಿನ್’ ಎಂಬ ಪದದ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕಳುಹಿಸಿದರು. ಎಲ್ ಎಂಬುದು ಮುಟ್ಟಿತು. ಓ ಎಂಬುದೂ ಮುಟ್ಟಿತು. ಮೂರನೆಯ ಅಕ್ಷರಕ್ಕೆ ಆಚೆಯ ಗಣಕಯಂತ್ರವೇ ಕುಸಿದುಬಿದ್ದಿತು. ಸುಮಾರು ಒಂದು ಗಂಟೆಯಾದ ಮೇಲೆ ಮತ್ತೆ ಪ್ರಯತ್ನಿಸಿ ಸಫಲರಾದರು. ವರ್ಷದ ಕೊನೆಗೆ ನಾಲ್ಕು ಊರುಗಳು ಜಾಲದಲ್ಲಿ ಸೇರಿದುವು.

ಇದಾದ ಕೆಲವೇ ವರ್ಷಗಳಲ್ಲಿ ಹೊಸ ಪ್ರಶ್ನೆಯೊಂದು ಹುಟ್ಟಿತು. ಆರ್ಪಜಾಲವು ತಂತಿಯ ಜಾಲ. ವಾಹನಗಳಲ್ಲಿರುವವರಿಗಾಗಿ ರೇಡಿಯೋ ಜಾಲವೊಂದು, ಸಮುದ್ರದಾಚೆಯವರಿಗಾಗಿ ಉಪಗ್ರಹ ಜಾಲವೊಂದು ಬೇರೆ ಬೇರೆಯಾಗಿ ಹುಟ್ಟಿಕೊಂಡುವು. ಇಂಗ್ಲೆಂಡಿನಲ್ಲಿ ಡೇವಿಸರ ಜಾಲವಿದ್ದಿತು. ಫ್ರಾನ್ಸಿನಲ್ಲಿ ಲೂಯಿ ಪೂಜಾಂ ಎಂಬವರು ಸಿಕ್ಲಾದ್ ಎಂಬ ಜಾಲವನ್ನು ಕಟ್ಟಿದ್ದರು. ಪ್ರತಿಯೊಂದಕ್ಕೂ ಪೊಟ್ಟಣದ ಅಳತೆ ಬೇರೆ, ವಿಳಾಸದ ಕ್ರಮ ಬೇರೆ, ವೇಗ ಬೇರೆ. ಒಂದೊಂದು ಜಾಲದೊಳಗೆ ಸಂಚಾರ ಸುಲಭವಾಗಿದ್ದರೂ ಜಾಲದಿಂದ ಜಾಲಕ್ಕೆ ದಾಟುವ ದಾರಿಯಿರಲಿಲ್ಲ. ಎಲ್ಲವನ್ನೂ ಒಡೆದು ಒಂದೇ ಮಾದರಿಯಲ್ಲಿ ಮತ್ತೆ ಕಟ್ಟಿರೆಂದರೆ ಕೇಳುವವರು ಯಾರು?

ಆರ್ಪದ ರಾಬರ್ಟ್ ಕಾನ್ ಮತ್ತು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ವಿಂಟನ್ ಸರ್ಫ್ ಎಂಬಿಬ್ಬರು ೧೯೭೪ರ ಮೇ ತಿಂಗಳಿನಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದಕ್ಕೆ ಪರಿಹಾರವು ದೊರೆಯಿತು. ಯಾವ ಜಾಲವೂ ತನ್ನ ಒಳಗಣ ಪದ್ಧತಿಯನ್ನು ಬದಲಾಯಿಸಬೇಕಾಗಿಲ್ಲ; ಎರಡು ಜಾಲಗಳ ಗಡಿಯಲ್ಲಿ ಹೆಬ್ಬಾಗಿಲಿನಂತೆ ಒಂದು ಯಂತ್ರವಿರಬೇಕು; ಎಲ್ಲರೂ ಒಪ್ಪಿದ ಒಂದೇ ಬಗೆಯ ವಿಳಾಸವುಳ್ಳ ಪೊಟ್ಟಣವನ್ನು ಆ ಯಂತ್ರವು ಈ ಜಾಲದ ಹೊದಿಕೆಯಿಂದ ಬಿಚ್ಚಿ ಆ ಜಾಲದ ಹೊದಿಕೆಯಲ್ಲಿಟ್ಟು ಕಳುಹಿಸಬೇಕು. ಕಾನರು ಹಾಕಿಕೊಂಡ ನಿಯಮಗಳಲ್ಲಿ ಎರಡು ಬಹು ಮುಖ್ಯವಾದುವು. ಮೊದಲನೆಯದು, ಹೆಬ್ಬಾಗಿಲಿನ ಯಂತ್ರವು ತನ್ನ ಮೂಲಕ ಹಾದುಹೋದ ಪೊಟ್ಟಣಗಳ ಲೆಕ್ಕವನ್ನು ಇಟ್ಟುಕೊಳ್ಳಬಾರದು. ದಾಟಿಸಿದ ಮೇಲೆ ಮರೆತುಬಿಡಬೇಕು. ಎರಡನೆಯದು, ನಡೆವಳಿಯಲ್ಲಿ ಎಲ್ಲರ ಮೇಲೂ ಅಧಿಕಾರ ನಡೆಸುವ ಕೇಂದ್ರವೊಂದು ಇರಬಾರದು. ಪೊಟ್ಟಣವು ದಾರಿಯಲ್ಲಿ ಕಳೆದುಹೋದರೆ ಅದನ್ನು ಕಂಡುಹಿಡಿದು ಮತ್ತೆ ಕಳುಹಿಸುವ ಹೊಣೆಯು ಎರಡು ಕೊನೆಗಳಲ್ಲಿರುವ ಗಣಕಯಂತ್ರಗಳದು. ಈ ಹೊಣೆಗಾರಿಕೆಯನ್ನು ಕೊನೆಗಳಿಗೆ ಬಿಡಬೇಕೆಂಬುದನ್ನು ಪೂಜಾಂ ಅವರು ಫ್ರಾನ್ಸಿನಲ್ಲಿ ಅದಕ್ಕೆ ಮೊದಲೇ ತೋರಿಸಿಕೊಟ್ಟಿದ್ದರು. ಈ ವಿಚಾರಗಳನ್ನು ನಿಯಮಾವಳಿಯಾಗಿ ವಿಸ್ತರಿಸಿ ೧೯೭೪ರ ಡಿಸೆಂಬರಿನಲ್ಲಿ ಹೊರಟ ಪತ್ರಕ್ಕೆ ಸಹಿ ಹಾಕಿದ ಮೂವರಲ್ಲಿ ಸರ್ಫರ ಶಿಷ್ಯರೂ ಭಾರತೀಯರೂ ಆದ ಯೋಗೇನ್ ದಲಾಲರೊಬ್ಬರು.

೧೯೭೭ರ ನವೆಂಬರ್ ೨೨ರಂದು ಈ ಯೋಜನೆಯ ದೊಡ್ಡ ಪರೀಕ್ಷೆ ನಡೆಯಿತು. ಸಾನ್ ಫ್ರಾನ್ಸಿಸ್ಕೋ ಪ್ರಾಂತದ ಹೆದ್ದಾರಿಯಲ್ಲಿ ಚಲಿಸುತ್ತಿದ್ದ ಒಂದು ವಾಹನದಿಂದ ಹೊರಟ ಪೊಟ್ಟಣಗಳು ರೇಡಿಯೋ ಜಾಲವನ್ನು ದಾಟಿ, ಆರ್ಪಜಾಲವನ್ನು ಹೊಕ್ಕು, ಉಪಗ್ರಹದ ಮೂಲಕ ಅಟ್ಲಾಂಟಿಕ್ ಸಮುದ್ರವನ್ನು ಹಾರಿ ಯೂರೋಪನ್ನು ಮುಟ್ಟಿ, ಮತ್ತೆ ಹಿಂದಿರುಗಿ ಕ್ಯಾಲಿಫೋರ್ನಿಯದಲ್ಲಿಯೇ ಇದ್ದ ಇನ್ನೊಂದು ಗಣಕಯಂತ್ರವನ್ನು ಸೇರಿದುವು. ಪರಸ್ಪರ ಪರಿಚಯವಿಲ್ಲದ ಮೂರು ಜಾಲಗಳನ್ನು ಒಂದೇ ಪೊಟ್ಟಣವು ದಾಟಿತು. ಕೊನೆಗೆ ೧೯೮೩ರ ಜನವರಿ ೧ರಂದು ಆರ್ಪಜಾಲದಲ್ಲಿ ಹಳೆಯ ಪದ್ಧತಿಯನ್ನು ನಿಲ್ಲಿಸಿ ಈ ಹೊಸ ಪದ್ಧತಿಯನ್ನೇ ಕಡ್ಡಾಯ ಮಾಡಿದರು. ಇಂದಿನ ಅಂತರ್ಜಾಲದ ಜನ್ಮದಿನವು ಅದೇ ಎಂದು ಹಲವರು ಎಣಿಸುವರು.

ಇನ್ನು, ಪೊಟ್ಟಣವು ಸಾಗುವ ಕ್ರಮವನ್ನು ಸ್ವಲ್ಪ ವಿವರವಾಗಿ ನೋಡಬಹುದು. ಒಂದು ಪೊಟ್ಟಣವು ಸಾಮಾನ್ಯವಾಗಿ ೧,೫೦೦ ಬೈಟುಗಳನ್ನು ಮೀರುವುದಿಲ್ಲ. ಕನ್ನಡ ಲಿಪಿಯ ಒಂದೊಂದು ಸಂಕೇತಕ್ಕೆ ಸಾಮಾನ್ಯವಾಗಿ ೩ ಬೈಟುಗಳು ಬೇಕಾಗುವುದರಿಂದ, ತಲೆಬರಹಕ್ಕೆ ಬೇಕಾದ ಜಾಗವನ್ನು ಕಳೆದರೆ, ಐನೂರಕ್ಕೆ ತುಸು ಕಡಿಮೆ ಸಂಕೇತಗಳು ಒಂದು ಪೊಟ್ಟಣದಲ್ಲಿ ಹಿಡಿಯುವುವು. ಈ ಲೇಖನವನ್ನು ಹಾಗೆ ಕಳುಹಿಸಿದರೆ ಮೂವತ್ತು ನಲವತ್ತು ಪೊಟ್ಟಣಗಳಾದರೂ ಆದಾವು. ಪ್ರತಿಯೊಂದರ ತಲೆಬರಹದಲ್ಲಿಯೂ ಕಳುಹಿಸಿದವರ ವಿಳಾಸ, ಸೇರಬೇಕಾದವರ ವಿಳಾಸ ಮತ್ತು ಆಯುಸ್ಸಿನ ಒಂದು ಸಂಖ್ಯೆ ಇರುವುವು. ಪೊಟ್ಟಣವು ಒಂದೊಂದು ರೂಟರನ್ನು ದಾಟಿದಂತೆಲ್ಲ ಆ ಸಂಖ್ಯೆಯಲ್ಲಿ ಒಂದು ಕಡಿಮೆಯಾಗುವುದು. ಸೊನ್ನೆಗೆ ಬಂದರೆ ರೂಟರು ಪೊಟ್ಟಣವನ್ನು ಎಸೆದುಬಿಡುವುದು. ದಾರಿ ತಪ್ಪಿದ ಪೊಟ್ಟಣಗಳು ಪ್ರೇತಗಳಂತೆ ಜಾಲದಲ್ಲಿ ಎಂದೆಂದಿಗೂ ಅಲೆಯದಿರಲೆಂದೇ ಈ ಏರ್ಪಾಡು.

ಜಗತ್ತಿನ ಪ್ರತಿಯೊಂದು ವಿಳಾಸಕ್ಕೂ ದಾರಿಯನ್ನು ಬರೆದಿಟ್ಟುಕೊಳ್ಳುವುದು ಯಾವ ರೂಟರಿಗೂ ಆಗದ ಕೆಲಸ. ೧೯೮೧ರಲ್ಲಿ ನಿಶ್ಚಯವಾದ ವಿಳಾಸಕ್ರಮದಲ್ಲಿಯೇ ಸುಮಾರು ೪೨೯ ಕೋಟಿ ವಿಳಾಸಗಳಿವೆ. ಆದುದರಿಂದ ರೂಟರು ಊರಿನ ಪತ್ರಗಳನ್ನು ವಿಂಗಡಿಸುವ ಅಂಚೆಯವನಂತೆ ನಡೆಯುವುದು. ಪರದೇಶದ ಕಾಗದವಾದರೆ ಅವನು ದೇಶದ ಹೆಸರನ್ನು ಮಾತ್ರ ನೋಡಿ ಚೀಲಕ್ಕೆ ಹಾಕುವನು. ಕೇರಿ, ಮನೆ ಇವುಗಳ ಗೊಡವೆ ಅವನಿಗಿಲ್ಲ. ಹಾಗೆಯೇ ರೂಟರಿನ ಪಟ್ಟಿಯಲ್ಲಿ ವಿಳಾಸಗಳ ಪೂರ್ವಭಾಗಗಳು ಮಾತ್ರ ಇರುವುವು. ಒಂದೇ ವಿಳಾಸಕ್ಕೆ ಪಟ್ಟಿಯ ಎರಡು ಸಾಲುಗಳು ಹೊಂದಿದರೆ, ಹೆಚ್ಚು ನಿಖರವಾದ ಸಾಲನ್ನೇ ಅನುಸರಿಸಬೇಕೆಂಬುದು ನಿಯಮ. ಜಿಲ್ಲೆಯ ಹೆಸರು ಬರೆದ ಚೀಲವೊಂದು, ಅದೇ ಜಿಲ್ಲೆಯ ತಾಲ್ಲೂಕಿನ ಹೆಸರು ಬರೆದ ಚೀಲವೊಂದು ಇದ್ದರೆ, ತಾಲ್ಲೂಕಿನ ಚೀಲಕ್ಕೇ ಹಾಕಬೇಕಷ್ಟೆ. ಈ ನಿಯಮವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಹೇಳುವ ಒಂದು ಅನಾಹುತಕ್ಕೆ ಇದೇ ಬಾಗಿಲಾಯಿತು.

ಆ ಪಟ್ಟಿಯನ್ನು ಬರೆಯುವವರಾರು? ರೂಟರುಗಳೇ ಪರಸ್ಪರ ಕೇಳಿ ತಿಳಿದು ಬರೆದುಕೊಳ್ಳುವುವು. ಮೊದಮೊದಲು ಆರ್ಪಜಾಲದಲ್ಲಿ ಪ್ರತಿಯೊಂದು ಇಂಪ್ ತನ್ನ ನೆರೆಯವುಗಳಿಗೆ ‘ಇಂತಹ ಊರು ನನ್ನಿಂದ ಇಷ್ಟು ದೂರ’ ಎಂದು ಹೇಳುತ್ತಿದ್ದಿತು. ನೆರೆಯವು ಆ ಮಾತಿಗೆ ತಮ್ಮ ದೂರವನ್ನು ಕೂಡಿಸಿಕೊಂಡು ಮುಂದಿನವುಗಳಿಗೆ ಹೇಳುತ್ತಿದ್ದುವು. ಈ ಪದ್ಧತಿಯಲ್ಲಿ ಶುಭವಾರ್ತೆ ಬೇಗ ಹರಡುವುದು, ಅಶುಭವಾರ್ತೆ ನಿಧಾನವಾಗಿ ಹರಡುವುದು. ಒಂದು ದಾರಿ ಮುರಿದುಬಿದ್ದರೂ, ‘ಅವನಿಗೆ ದಾರಿ ಗೊತ್ತಿದೆ’ ಎಂದು ಇವನೂ, ‘ಇವನಿಗೆ ಗೊತ್ತಿದೆ’ ಎಂದು ಅವನೂ ನಂಬಿ, ಪೊಟ್ಟಣಗಳನ್ನು ಒಬ್ಬರಿಗೊಬ್ಬರು ಹಿಂದಕ್ಕೂ ಮುಂದಕ್ಕೂ ಕೊಡುತ್ತಿರುವುದು ಸಂಭವಿಸುತ್ತಿದ್ದಿತು. ಆದಕಾರಣ ೧೯೭೯-೮೦ರ ಸುಮಾರಿನಲ್ಲಿ ಬೇರೆ ಪದ್ಧತಿಯನ್ನು ತಂದರು. ಇದರಲ್ಲಿ ಪ್ರತಿಯೊಂದು ಇಂಪ್ ತನ್ನ ಸುತ್ತಣ ತಂತಿಗಳ ಸ್ಥಿತಿಯನ್ನು ಮಾತ್ರ ಹೇಳುವುದು. ಆ ಹೇಳಿಕೆಯು ಜಾಲದಲ್ಲೆಲ್ಲ ಹರಡುವುದು. ಎಲ್ಲವೂ ಹೇಳಿಕೆಗಳನ್ನು ಕೂಡಿಸಿ ಜಾಲದ ನಕ್ಷೆಯನ್ನು ತಾವೇ ಬರೆದುಕೊಂಡು ಹತ್ತಿರದ ದಾರಿಯನ್ನು ಗಣಿಸುವುವು. ಆ ಗಣನೆಯ ಸೂತ್ರವನ್ನು ಡಚ್ ಗಣಿತಜ್ಞರಾದ ಎಡ್ಸ್ಖರ್ ಡೈಕ್‌ಸ್ಟ್ರಾ ಅವರು ೧೯೫೬ರಲ್ಲಿ ಆಂಸ್ಟರ್‌ಡಾಮ್ ನಗರದ ಕಾಫಿ ಹೋಟಲಿನಲ್ಲಿ ಸುಮಾರು ಇಪ್ಪತ್ತು ನಿಮಿಷಗಳಲ್ಲಿ, ಕಾಗದ ಲೇಖನಿಗಳ ಹಂಗಿಲ್ಲದೆ, ಕಂಡುಕೊಂಡಿದ್ದರು.

ನೆರೆಯವನ ಮಾತನ್ನು ಪರೀಕ್ಷಿಸದೆ ನಂಬುವುದರ ಅಪಾಯವು ಬೇಗನೆ ಪ್ರಕಟವಾಯಿತು. ೧೯೮೦ರ ಅಕ್ಟೋಬರ್ ೨೭ರಂದು ಆರ್ಪಜಾಲವು ಹಲವು ಗಂಟೆಗಳ ಕಾಲ ಸ್ತಬ್ಧವಾಯಿತು. ಹೇಳಿಕೆಗಳಲ್ಲಿ ಹಳೆಯದು ಯಾವುದು, ಹೊಸದು ಯಾವುದು ಎಂದು ತಿಳಿಯಲು ಪ್ರತಿಯೊಂದಕ್ಕೂ ಕ್ರಮಸಂಖ್ಯೆಯಿರುತ್ತಿದ್ದಿತು. ಸಂಖ್ಯೆಗಳು ೬೩ಕ್ಕೆ ಮುಗಿದು ಗಡಿಯಾರದ ಮುಳ್ಳಿನಂತೆ ಮತ್ತೆ ಸೊನ್ನೆಗೆ ಬರುತ್ತಿದ್ದುವು. ಯಂತ್ರದೋಷದಿಂದ ಕೆಲವು ಬಿಟ್ಟುಗಳು ಉದುರಿಹೋಗಿ, ಒಂದೇ ಇಂಪಿನ ಹೇಳಿಕೆಯು ೮, ೪೦, ೪೪ ಎಂಬ ಮೂರು ಸಂಖ್ಯೆಗಳೊಡನೆ ಏಕಕಾಲದಲ್ಲಿ ಸಂಚರಿಸತೊಡಗಿತು. ಚಕ್ರದ ಲೆಕ್ಕದಲ್ಲಿ ೮ಕ್ಕಿಂತ ೪೦ ಹೊಸದು, ೪೦ಕ್ಕಿಂತ ೪೪ ಹೊಸದು, ೪೪ಕ್ಕಿಂತ ಮತ್ತೆ ೮ ಹೊಸದು! ಪ್ರತಿಯೊಂದು ಇಂಪೂ ಮೂರನ್ನೂ ಸರದಿಯಂತೆ ಹೊಸ ಸುದ್ದಿಯೆಂದು ಭಾವಿಸಿ ಎಲ್ಲ ನೆರೆಯವುಗಳಿಗೂ ಹೇಳುತ್ತಲೇ ಹೋಯಿತು. ಬೇರೆ ಕೆಲಸಕ್ಕೆ ಎಡೆಯೇ ಉಳಿಯಲಿಲ್ಲ. ಊರಿನಲ್ಲಿ ಹುಟ್ಟಿದ ಗಾಳಿಸುದ್ದಿಯೊಂದು ಬೀದಿಯಿಂದ ಬೀದಿಗೆ ಸುತ್ತಿ, ಹುಟ್ಟಿದ ಮನೆಗೇ ಹೊಸ ಸುದ್ದಿಯಾಗಿ ಹಿಂದಿರುಗುವುದನ್ನು ಕಂಡವರಿಗೆ ಇದು ಆಶ್ಚರ್ಯವೆನಿಸದು. ಇಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಯಾರೂ ನಿಯಮ ಮೀರಿರಲಿಲ್ಲ. ಎಲ್ಲರೂ ನಿಯಮದಂತೆ ನಡೆದುದರಿಂದಲೇ ಜಾಲವು ಕೆಟ್ಟಿತು.

ಇನ್ನೊಂದು ಸಂಕಟವು ೧೯೮೬ರ ಅಕ್ಟೋಬರಿನಲ್ಲಿ ಒದಗಿತು. ಬರ್ಕ್‌ಲಿಯ ಲಾರೆನ್ಸ್ ಪ್ರಯೋಗಾಲಯಕ್ಕೂ ಅಲ್ಲಿಯ ವಿಶ್ವವಿದ್ಯಾನಿಲಯಕ್ಕೂ ನಡುವಣ ದೂರ ಸುಮಾರು ೪೦೦ ಗಜ. ಆ ದಾರಿಯಲ್ಲಿ ಸೆಕೆಂಡಿಗೆ ೩೨,೦೦೦ ಬಿಟ್ಟುಗಳಂತೆ ಸಾಗುತ್ತಿದ್ದ ಸಂಚಾರವು ೪೦ ಬಿಟ್ಟುಗಳಿಗೆ ಇಳಿದುಬಿಟ್ಟಿತು. ಕಾರಣವೇನೆಂದರೆ, ರೂಟರಿನ ಮುಂದೆ ಸಾಲು ಬೆಳೆದಾಗ ಹೆಚ್ಚಾದ ಪೊಟ್ಟಣಗಳನ್ನು ಅದು ಎಸೆದುಬಿಡುವುದು. ಕಳೆದುಹೋದುವೆಂದು ಬಗೆದು ಕೊನೆಯ ಯಂತ್ರಗಳು ಮತ್ತೆ ಅವನ್ನೇ ಕಳುಹಿಸುವುವು. ಸಾಲು ಇನ್ನೂ ಬೆಳೆಯುವುದು. ವಾನ್ ಜೇಕಬ್ಸನ್ ಎಂಬವರು ಇದಕ್ಕೆ ಕಂಡುಹಿಡಿದು ೧೯೮೮ರಲ್ಲಿ ಪ್ರಕಟಿಸಿದ ಪರಿಹಾರವು ಬಹು ಸರಳವಾದುದು. ಪೊಟ್ಟಣ ಕಳೆದುಹೋದುದನ್ನು ದಾರಿಯಲ್ಲಿ ನೂಕುನುಗ್ಗಲಿದೆಯೆಂಬುದರ ಸೂಚನೆಯೆಂದು ತಿಳಿದು, ಕಳುಹಿಸುವವನೇ ವೇಗವನ್ನು ತಗ್ಗಿಸಬೇಕು. ದಾರಿ ತೆರವಾದಂತೆ ಮೆಲ್ಲಮೆಲ್ಲನೆ ಹೆಚ್ಚಿಸಬೇಕು. ರೂಟರಿಗೆ ಹೊಸ ಅಧಿಕಾರವನ್ನು ಯಾರೂ ಕೊಡಲಿಲ್ಲ. ಕೊನೆಗಳಲ್ಲಿರುವವರ ಸಂಯಮದಿಂದಲೇ ಎಲ್ಲರ ದಾರಿಯೂ ಸುಗಮವಾಯಿತು. ಇಂದಿಗೂ ಜಾಲವು ಕುಸಿಯದೆ ನಿಂತಿರುವುದಕ್ಕೆ ಈ ಸಂಯಮವು ಒಂದು ಮುಖ್ಯ ಕಾರಣವಾಗಿದೆ.

ಇಷ್ಟರಲ್ಲಿ ಹೆಬ್ಬಾಗಿಲಿನ ಯಂತ್ರಗಳಿಗೆ ರೂಟರೆಂಬ ಹೆಸರು ರೂಢಿಯಾಗಿ, ಅವುಗಳ ವ್ಯಾಪಾರವೂ ಆರಂಭವಾಗಿದ್ದಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ವಿಲಿಯಂ ಯೇಗರ್ ಎಂಬವರು ಹಲವು ಬಗೆಯ ಜಾಲಗಳನ್ನು ಕೂಡಿಸುವ ರೂಟರಿಗೆ ಬೇಕಾದ ಕ್ರಮವಿಧಿಯನ್ನು ಬರೆದಿದ್ದರು. ಅಲ್ಲಿಯೇ ಕೆಲಸದಲ್ಲಿದ್ದ ಲಿಯೊನಾರ್ಡ್ ಬೋಸಾಕ್, ಸ್ಯಾಂಡ್ರ ಲರ್ನರ್ ಎಂಬ ದಂಪತಿಗಳು ೧೯೮೪ರಲ್ಲಿ ಸಿಸ್ಕೋ ಕಂಪೆನಿಯನ್ನು ಸ್ಥಾಪಿಸಿದರು. ನಮ್ಮ ದೇಶದಲ್ಲಿ ೧೯೮೬ರಲ್ಲಿ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆಯು ವಿಶ್ವಸಂಸ್ಥೆಯ ನೆರವಿನಿಂದ ಅರ್ನೆಟ್ ಎಂಬ ವಿದ್ಯಾಜಾಲವನ್ನು ಆರಂಭಿಸಿತು. ಅದರಲ್ಲಿ ಮೊದಲಿಗೆ ಪಾಲುಗೊಂಡ ಎಂಟು ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರವೂ ಒಂದು. ಸಾಮಾನ್ಯ ಜನರಿಗೆ ಅಂತರ್ಜಾಲದ ಬಾಗಿಲು ತೆರೆದುದು ೧೯೯೫ರ ಆಗಸ್ಟ್ ೧೫ರಂದು.

ಹೀಗೆ ಜಾಲವು ವಿದ್ವಾಂಸರ ಕೈಯಿಂದ ವರ್ತಕರ, ಸರ್ಕಾರಗಳ, ಸಂಸಾರಿಗಳ ಕೈಗೆ ಬಂದಂತೆ, ಒಂದೊಂದು ಸಂಸ್ಥೆಯ ಆಡಳಿತಕ್ಕೊಳಪಟ್ಟ ಜಾಲಗಳು ಬೇರೆ ಬೇರೆ ಮಂಡಲಗಳಾದುವು. ಅಂತಹ ಮಂಡಲಗಳು ಇಂದು ಎಪ್ಪತ್ತು ಸಾವಿರಕ್ಕೂ ಮೇಲಿವೆ. ಮಂಡಲ ಮಂಡಲಗಳ ನಡುವೆ ದಾರಿಯ ಸಮಾಚಾರವನ್ನು ಹಂಚಿಕೊಳ್ಳುವುದಕ್ಕೆ ಒಂದು ನಿಯಮಾವಳಿ ಬೇಕಾಯಿತು. ೧೯೮೯ರ ಜನವರಿಯಲ್ಲಿ ಟೆಕ್ಸಸ್ ಪ್ರಾಂತದ ಆಸ್ಟಿನ್ ನಗರದಲ್ಲಿ ಸೇರಿದ್ದ ಸಭೆಯ ಊಟದ ವೇಳೆಯಲ್ಲಿ ಕರ್ಕ್ ಲಾಹೀಡ್, ಯಾಕವ್ ರೆಕ್ಟರ್ ಮೊದಲಾದವರು ಕೈಯೊರಸುವ ಕಾಗದಗಳ ಮೇಲೆ ಅದರ ರೂಪರೇಖೆಯನ್ನು ಗೀಚಿದರು. ಬಿ.ಜಿ.ಪಿ. ಎಂದು ಹೆಸರಾದ ಆ ನಿಯಮಾವಳಿಯೇ ಹಲವು ತಿದ್ದುಪಡಿಗಳೊಡನೆ ಇಂದಿಗೂ ಜಗತ್ತಿನ ಜಾಲಗಳನ್ನು ಹೆಣೆದಿಟ್ಟಿದೆ. ಅದರ ತಿರುಳು ಇಷ್ಟೇ: ಪ್ರತಿಯೊಂದು ಮಂಡಲವೂ ‘ಈ ವಿಳಾಸಗಳು ನನ್ನವು’ ಎಂದೋ ‘ಇವನ್ನು ನನ್ನ ಮೂಲಕ ಮುಟ್ಟಬಹುದು’ ಎಂದೋ ನೆರೆಮಂಡಲಕ್ಕೆ ಸಾರುವುದು, ನೆರೆಮಂಡಲವು ಆ ಮಾತನ್ನು ನಂಬಿ ಮುಂದಕ್ಕೆ ಸ್ವತಃ ಸಾರುವುದು. ಹೇಳುವವನು ನಿಜ ಹೇಳುವನೋ ಇಲ್ಲವೋ ಎಂದು ಪರೀಕ್ಷಿಸುವ ಉಪಾಯವು ಅದರೊಳಗೆ ಇರಲಿಲ್ಲ. ಸಭೆಯಲ್ಲಿದ್ದವರೆಲ್ಲ ಒಬ್ಬರನ್ನೊಬ್ಬರು ಬಲ್ಲವರಾಗಿದ್ದಾಗ ಅದರ ಅಗತ್ಯವೂ ಅಷ್ಟಾಗಿ ತೋರಿರಲಾರದು.

ಅಪರಿಚಿತರ ನಡುವೆ ಈ ವಿಶ್ವಾಸವು ಎಷ್ಟು ದುರ್ಬಲವಾದುದೆಂಬುದನ್ನು ಮೂರು ಘಟನೆಗಳು ತೋರಿಸಿಕೊಟ್ಟಿವೆ. ೧೯೯೭ರ ಏಪ್ರಿಲ್ ೨೫ರಂದು ಅಮೆರಿಕದ ಒಂದು ಸಣ್ಣ ಸಂಸ್ಥೆಯ ರೂಟರು, ಅಂತರ್ಜಾಲದ ಬಹುಭಾಗಕ್ಕೆ ತಾನೇ ಸಮೀಪದ ದಾರಿಯೆಂದು ತಪ್ಪಾಗಿ ಸಾರಿತು. ನಂಬಿದವರ ಸಂಚಾರವೆಲ್ಲ ಆ ಇಕ್ಕಟ್ಟಿನ ಬಾಗಿಲಿಗೆ ನುಗ್ಗಿ ಅಲ್ಲಿಯೇ ಸತ್ತಿತು. ೨೦೦೮ರ ಫೆಬ್ರವರಿ ೨೪ರಂದು, ತನ್ನ ದೇಶದೊಳಗೆ ಯೂಟ್ಯೂಬನ್ನು ತಡೆಯಬೇಕೆಂಬ ಸರ್ಕಾರದ ಆಜ್ಞೆಯಂತೆ ಪಾಕಿಸ್ತಾನದ ಟೆಲಿಕಾಂ ಸಂಸ್ಥೆಯು ಆ ವಿಳಾಸಗಳು ತನ್ನಲ್ಲಿಯೇ ಇವೆಯೆಂದು ಸಾರಿದುದು ಗಡಿಯಾಚೆಗೂ ಹರಡಿತು. ಯೂಟ್ಯೂಬಿನವರು ೧,೦೨೪ ವಿಳಾಸಗಳ ಗುಂಪನ್ನು ಸಾರಿದ್ದರು. ಪಾಕಿಸ್ತಾನದ ಸಾರಿಕೆಯು ಅದರೊಳಗಿನ ೨೫೬ ವಿಳಾಸಗಳದು. ಮೇಲೆ ಹೇಳಿದ ಜಿಲ್ಲೆ ತಾಲ್ಲೂಕುಗಳ ನಿಯಮವನ್ನು ವಾಚಕರು ಇಲ್ಲಿ ಸ್ಮರಿಸಬೇಕು. ಹೆಚ್ಚು ನಿಖರವಾದ ಮಾತೇ ಗೆದ್ದಿತು. ಎರಡು ಗಂಟೆಗಳಿಗೂ ಮೇಲ್ಪಟ್ಟು ಜಗತ್ತಿನ ಬಹುಭಾಗಕ್ಕೆ ಯೂಟ್ಯೂಬ್ ಕಾಣದೆ ಹೋಯಿತು. ೨೦೨೧ರ ಅಕ್ಟೋಬರ್ ೪ರಂದು ಫೇಸ್‌ಬುಕ್ ಕಂಪೆನಿಯ ಒಳಗಣ ತಪ್ಪಿನಿಂದ ಅದರ ದಾರಿಗಳ ಸಾರಿಕೆಯು ತಾನಾಗಿಯೇ ಹಿಂದೆಗೆಯಲ್ಪಟ್ಟು, ಸುಮಾರು ಆರು ಗಂಟೆಗಳ ಕಾಲ ಆ ಕಂಪೆನಿಯೇ ನಕ್ಷೆಯಿಂದ ಅಳಿಸಿಹೋದಂತಾಯಿತು. ನಮ್ಮ ಮನೆಗಳಲ್ಲಿ ಅಂದು ರಾತ್ರಿ ವಾಟ್ಸಾಪ್ ಮೌನವಾದುದು ಇದರಿಂದಲೇ. ಕಟ್ಟಡ, ಯಂತ್ರ, ತಂತಿ ಎಲ್ಲವೂ ಇದ್ದ ಹಾಗೆಯೇ ಇದ್ದುವು. ‘ನಾನಿಲ್ಲಿದ್ದೇನೆ’ ಎಂಬ ಒಂದು ಮಾತು ಮಾತ್ರ ಇರಲಿಲ್ಲ.

ಇವುಗಳನ್ನು ನೋಡಿದವರಿಗೆ, ಈ ಅರಾಜಕತೆಗಿಂತ ಎಲ್ಲವನ್ನೂ ಬಲ್ಲ, ಎಲ್ಲವನ್ನೂ ಆಳುವ ಒಂದು ಕೇಂದ್ರವೇ ಮೇಲಲ್ಲವೇ ಎಂದು ತೋರಬಹುದು. ಚರಿತ್ರೆಯು ಇದಕ್ಕೆ ಒಪ್ಪುವಂತೆ ಕಾಣುವುದಿಲ್ಲ. ಎಲ್ಲವನ್ನೂ ಬಲ್ಲ ಕೇಂದ್ರವು ಕೆಟ್ಟರೆ ಎಲ್ಲವೂ ಕೆಡುವುದು. ಅದು ದುರಾಶೆಗೊಳಗಾದರೆ ಎಲ್ಲರೂ ಅದರ ವಶವಾಗುವರು. ಮಧ್ಯಸ್ಥನಿಗೆ ಪೊಟ್ಟಣದ ಒಳಗೇನಿದೆಯೆಂಬ ವಿಚಾರವಿಲ್ಲದೆ ಇದ್ದುದರಿಂದಲೇ, ಯಾರ ಅಪ್ಪಣೆಯನ್ನೂ ಬೇಡದೆ, ಗಣಕಯಂತ್ರಗಳನ್ನು ಕೂಡಿಸಲು ಹುಟ್ಟಿದ ಜಾಲದಲ್ಲಿ ಗ್ರಂಥ, ಸಂಗೀತ, ಚಿತ್ರ, ಹಣ ಎಲ್ಲವೂ ಸಾಗುವಂತಾಯಿತು. ವರ್ತಮಾನದ ಒಳಹುರುಳನ್ನು ನೋಡಿ ದರದಲ್ಲಿ ಭೇದ ಮಾಡಬಾರದೆಂದು ನಮ್ಮ ದೇಶದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ೨೦೧೬ರ ಫೆಬ್ರವರಿ ೮ರಂದು ವಿಧಿಸಿದುದು ಈ ಹಳೆಯ ಧರ್ಮವನ್ನು ಕಾನೂನಿನ ಮಾತಿನಲ್ಲಿ ಹೇಳಿದಂತೆಯೇ ಆಯಿತು.

ಹಾಗಾದರೆ ಸುಳ್ಳು ಮಾತಿಗೆ ಮದ್ದೇನು? ಈಚಿನ ವರ್ಷಗಳಲ್ಲಿ ಬಳಕೆಗೆ ಬರುತ್ತಿರುವ ಉಪಾಯವು ಮೂಲಧರ್ಮಕ್ಕೆ ಅನುಗುಣವಾಗಿಯೇ ಇದೆ. ೨೦೧೨ರಲ್ಲಿ ಪ್ರಕಟವಾದ ಒಂದು ನಿಯಮಾವಳಿಯಂತೆ, ವಿಳಾಸಗಳ ಒಡೆಯನು ‘ಇವನ್ನು ಇಂತಹ ಮಂಡಲವೇ ಸಾರತಕ್ಕದ್ದು’ ಎಂದು ನಕಲು ಮಾಡಲಾಗದ ಗಣಿತದ ಮುದ್ರೆಯೊತ್ತಿ ದಾಖಲೆಯನ್ನು ಹೊರಡಿಸುವನು. ನೆರೆಮಂಡಲಗಳು ಕಿವಿಗೆ ಬಿದ್ದ ಸಾರಿಕೆಯನ್ನು ಆ ದಾಖಲೆಯೊಡನೆ ಹೋಲಿಸಿ ನೋಡಿ, ಹೊಂದದಿದ್ದರೆ ತಿರಸ್ಕರಿಸುವುವು. ಇಲ್ಲಿಯೂ ಪೊಟ್ಟಣಗಳನ್ನು ನಡೆಯಿಸುವ ಅರಸನಿಲ್ಲ. ಮಾತನಾಡುವವನು ತನ್ನ ಮಾತಿಗೆ ರುಜು ಹಾಕುವನು. ಕೇಳುವವನು ರುಜುವನ್ನು ನೋಡುವನು. ಈ ಉಪಾಯವೂ ಸಂಪೂರ್ಣವಲ್ಲ. ವಿಳಾಸವು ಯಾರದೆಂಬುದನ್ನು ಅದು ಸ್ಥಿರಪಡಿಸುವುದೇ ಹೊರತು, ನಡುವಣ ದಾರಿಯು ನಿಜವೋ ಎಂಬುದನ್ನು ಸ್ಥಿರಪಡಿಸುವುದಿಲ್ಲ. ಎಲ್ಲ ಮಂಡಲಗಳೂ ಅದನ್ನು ಅಂಗೀಕರಿಸಿಯೂ ಇಲ್ಲ. ಆದರೂ ದಿಕ್ಕು ಸರಿಯಾಗಿದೆ.

ಬಾರನ್ನರು ಬಲೆಯನ್ನು ಕಲ್ಪಿಸಿದುದು ಶತ್ರುವಿನ ಬಾಂಬಿಗೆ ಹೆದರಿ. ಆದರೆ ಅವರ ತತ್ತ್ವವನ್ನು ಹೊತ್ತ ಜಾಲಕ್ಕೆ ಈ ವರೆಗೆ ಬಂದ ದೊಡ್ಡ ಗಂಡಾಂತರಗಳಲ್ಲಿ ಹಲವು ಬಂದುದು ನೆರೆಯವನ ಮಾತಿನ ತಪ್ಪಿನಿಂದ. ಮುರಿದ ತಂತಿಗೆ ಬೇರೆ ದಾರಿಯುಂಟು. ಕೆಟ್ಟ ಮಾತಿಗೆ ಬೇರೆ ದಾರಿಯಿಲ್ಲ, ಅದು ಎಲ್ಲ ದಾರಿಗಳಲ್ಲಿಯೂ ಹರಡುವುದು. ಮಧ್ಯಸ್ಥನು ತನಗೆ ತಿಳಿದಷ್ಟನ್ನೇ ಹೇಳುವುದು, ಪರರ ಪೊಟ್ಟಣವನ್ನು ಬಿಚ್ಚಿ ನೋಡದಿರುವುದು, ನೂಕುನುಗ್ಗಲಿನಲ್ಲಿ ಕಳುಹಿಸುವವನು ತಾನೇ ಹಿಂದೆ ಸರಿಯುವುದು, ಕೇಳಿದ ಮಾತಿನ ರುಜುವನ್ನು ನೋಡಿ ಮುಂದಕ್ಕೆ ಹೇಳುವುದು ಎಂಬೀ ನಾಲ್ಕು ನಡತೆಗಳ ಮೇಲೆ ಅಂತರ್ಜಾಲವು ನಿಂತಿದೆ. ಇವು ಯಂತ್ರಗಳಿಗೆ ಮಾತ್ರ ವಿಧಿಸಿದ ನಿಯಮಗಳೆಂದು ತಿಳಿಯಬೇಕಾಗಿಲ್ಲ. ಅದೇ ಜಾಲದ ಮೂಲಕ ದಿನವೂ ಸುದ್ದಿಗಳನ್ನು ಪಡೆದು ಇನ್ನೊಬ್ಬರಿಗೆ ದಾಟಿಸುತ್ತಿರುವ ನಾವೂ ಒಂದೊಂದು ಗಂಟಿನಲ್ಲಿ ಕುಳಿತಿರುವವರೇ. ಯಂತ್ರಗಳು ಬಹಳ ಕಷ್ಟಪಟ್ಟು ಕಲಿಯುತ್ತಿರುವ ಪಾಠವನ್ನು ಮನುಷ್ಯರು ಮರೆಯದಿದ್ದರೆ, ದಾರಿಯೂ ಉಳಿದೀತು, ದಾರಿಯಲ್ಲಿ ಸಾಗುವ ಮಾತಿಗೂ ಬೆಲೆಯುಳಿದೀತು.